ಸಾಯಲೇಬೇಕಾದ ಪೆಟ್ಟಿಗೆ

ಗುಂಡ್ಲುಪೇಟೆ
16 ನವೆಂಬರ್ 2025, ಭಾನುವಾರ

ಪ್ರೀತಿಯ ರಿಯಾಜ್‌ಗೆ ನಜೀಮಾಳ ಸಲಾಂ.

ಹೇಗಿದ್ದೀರಿ? ಕೆಮ್ಮು ಬಿಡ್ತಾ? ಬಿಸಿನೀರು ಕುಡೀತಿದ್ದೀರೋ, ಇಲ್ಲ ಹೆಂಡತಿ ಪಕ್ಕದಲ್ಲಿಲ್ಲ ಅಂತ ಐಸ್‌ಕ್ರೀಮ್ ನಡೀತಿದೆಯೋ? ಧರ್ಮಪ್ರಚಾರ ಅಂತ ಜಮಾತಿನ ಜೊತೆ ಹೊರಟವರು ನಲವತ್ತು ದಿನ ಫೋನ್ ಮುಟ್ಟಲ್ಲ ಅಂದುಬಿಟ್ರಿ, ಕಾಗದ ಗೀಚೋದು ನನ್ನ ಹಣೇಬರಹ. ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮ ಅಬ್ಬಾ ಮಂಡಿನೋವು ಅಂತ ನರಳ್ತಾರೆ, ಯಾರಾದ್ರೂ ಡೀಸೆಲ್ ಜನರೇಟರ್ ಕೆಟ್ಟಿದೆ ಅಂದ್ರೆ ಮಾತ್ರ ಎದ್ದು ಓಡ್ತಾರೆ.

ನೀವು ಹೋದ ವಾರವೇ ಇಲ್ಲಿ ದೊಡ್ಡ ರಂಪ ಆಯ್ತು. ನಮ್ಮ ಕಂಪನಿ ಹೆರಿಗೆ ಆಸ್ಪತ್ರೆಗೆ ಹಾಕಿರೋ ಫ್ಯೂಯೆಲ್ ಸೆಲ್ ಪೆಟ್ಟಿಗೆ ಗೊತ್ತಲ್ಲ, ಕರೆಂಟ್ ಹೋದಾಗ ಹೈಡ್ರೋಜನ್ನಿಂದ ಕರೆಂಟ್ ಮಾಡಿ ಎಳೆಗೂಸುಗಳನ್ನ ಬೆಚ್ಚಗಿಡೋದು? ನೂರಾರು ಹಳೇ ಸೆಲ್‌ಗಳು ಹೇಗೆ ಸವೆದವು ಅಂತ ಕಲಿಸಿಟ್ಟಿರೋ ನನ್ನ ಕಂಪ್ಯೂಟರು ಇದರ ವೋಲ್ಟೇಜು, ಬಿಸಿ ಎಲ್ಲ ನೋಡಿ, ನವೆಂಬರ್ ದಾಟಲ್ಲ ಅಂತು. ಮ್ಯಾನೇಜರ್ ರಘುನಾಥ ಸಾರ್, ಇನ್ನೂ ಎರಡು ವರ್ಷ ಬಾಳಿಕೆ ಇದೆ, ಓಡ್ತಿರೋದನ್ನ ಯಾಕಮ್ಮ ಬಿಚ್ತೀಯಾ ಅಂದ್ರು. ನಾನು ಕೇಳ್ತೀನಾ? ಬಿಚ್ಚಿ ಹೊಸದು ಕೂರಿಸೇಬಿಟ್ಟೆ.

ಈಗ ಬಂತು ನೋಡಿ ಫಜೀತಿ. ಹಳೇದು ಕೆಡ್ತಿತ್ತು ಅನ್ನೋದಕ್ಕೆ ಸಾಕ್ಷಿ ಎಲ್ಲಿ? ಕಾಯಿಲೆ ಬರೋ ಮುಂಚೇನೇ ಮದ್ದು ಕೊಟ್ಟ ಡಾಕ್ಟರಿಗೆ ಯಾರ್ರೀ ಕೈ ಮುಗೀತಾರೆ! ಸಾರ್ ಕೆಂಡಾಮಂಡಲ. ಈ ತಿಂಗಳೊಳಗೆ ಅದು ಸಾಯದಿದ್ರೆ ನೀನೇ ರಾಜೀನಾಮೆ ಬರೆದುಕೊಡು ಅಂದ್ರು. ಆಗಲಿ ಸಾರ್ ಅಂದೆ. ಹಳೇ ಸೆಲ್ಲನ್ನ ಅಬ್ಬಾನ ರಿಪೇರಿ ಶೆಡ್ಡಿಗೆ ತಂದು, ಆಸ್ಪತ್ರೇಲಿದ್ದಷ್ಟೇ ಲೋಡ್ ಕೊಟ್ಟು ಬಲ್ಬುಗಳ ಸಾಲು ಉರಿಸ್ತಿದ್ದೀನಿ. ಅದೋ, ಜುಮ್ಮಂತ ಓಡ್ತಿದೆ! ಅಬ್ಬಾ ದಿನಾ ಬೆಳಿಗ್ಗೆ ಬಂದು, "ಏನಮ್ಮಾ ಸೊಸೆ, ಸಾಯ್ತದೆ ಅಂದೆ, ಗುಂಡುಕಲ್ಲಂಗೆ ಕುಂತದಲ್ಲ!" ಅಂತ ನಗ್ತಾರೆ. ನಗಲಿ ಬಿಡಿ. ನನಗೆ ನನ್ನ ಲೆಕ್ಕದ ಮೇಲೆ ನಂಬಿಕೆ ಇದೆ. ಆದ್ರೂ ಇಷ್ಟಪಟ್ಟು ಸೇರಿದ ಕೆಲಸ ಕಣ್ರೀ, ಹೋದ್ರೆ ಹೊಟ್ಟೆ ಉರಿಯುತ್ತೆ.

ನಿಮ್ಮ ದುವಾದಲ್ಲಿ ಮಕ್ಕಳ ಹೆಸರಿನ ಜೊತೆ ನನ್ನದನ್ನೂ ಸೇರಿಸಿ. ಜಮಾತಿನ ಹಿರಿಯರಿಗೆಲ್ಲ ಸಲಾಂ ತಿಳಿಸಿ.

ನಿಮ್ಮ,
ನಜೀಮಾ

ತಾ.ಕ.: ರೀ, ಈಗಷ್ಟೇ ಊರಿಗೆಲ್ಲ ಕರೆಂಟ್ ಹೋಯ್ತು. ಶೆಡ್ಡಲ್ಲಿ ನನ್ನ ಬಲ್ಬುಗಳು ಮಾತ್ರ ಉರೀತಿದ್ವು, ನೋಡನೋಡ್ತಾ ಅವೂ ಮಂಕಾಗಿ ಆರಿಹೋದ್ವು. ಹೈಡ್ರೋಜನ್ ಸಿಲಿಂಡರಲ್ಲಿ ಗ್ಯಾಸ್ ಇನ್ನೂ ಇದೆ, ಸೆಲ್ಲೇ ಸತ್ತಿರೋದು! ಹುಚ್ಚಿ ಥರ ಚಪ್ಪಾಳೆ ತಟ್ಟಿದೆ. ಅಬ್ಬಾ ಮಾತ್ರ ನಗಲಿಲ್ಲ. ಆಸ್ಪತ್ರೆ ಕಡೆ ನೋಡ್ತಾ, "ಇದು ಅಲ್ಲೇ ಇದ್ದಿದ್ರೆ ಆ ಕೂಸುಗಳ ಗತಿ ಏನಮ್ಮಾ?" ಅಂದ್ರು. ನಾನೂ ಬಾಗಿಲಿಗೆ ಓಡಿ ಬಂದು ನೋಡಿದೆ. ನಾನು ಕೂರಿಸಿದ ಹೊಸ ಸೆಲ್ಲಿಂದ ಅಲ್ಲಿ ದೀಪ ಉರೀತಿದೆ, ಇಲ್ಲಿಂದಲೇ ಕಾಣ್ತಿದೆ. ಅಬ್ಬಾ ತಾವೇ ರಘುನಾಥ ಸಾರಿಗೆ ಫೋನ್ ಮಾಡಿ ಕೂಗಾಡ್ತಿದ್ದಾರೆ. ಈಗ ತೆಗೀಲಿ ನೋಡೋಣ ನನ್ನನ್ನ ಕೆಲಸದಿಂದ!