ಈ ವರ್ಷದ ಪ್ಲೇಟು

೩ ಮಾರ್ಚ್ ೧೯೭೫, ಸೋಮವಾರ

ಇವತ್ತೂ ಹಪ್ಪಳ. ಹಿಟ್ಟು ಗಟ್ಟಿ, ಕೈ ನೋವು. ಸೊಸೆಗೆ ಹೇಳಿದರೆ ಮೋರೆ ಊದಿಸುತ್ತಾಳೆ. ಹೇಳದಿದ್ದರೆ ಹಪ್ಪಳ ಊದುವುದಿಲ್ಲ.

ಮಧ್ಯಾಹ್ನ ಕರೆಂಟು ಬಂದ ಕೂಡಲೇ ಮೌಲಾಬಿ ಬಂದಳು. ಎದುರು ಮನೆಯವಳು. ಆದರೂ ಕಾಶಿಯಿಂದ ನಡೆದು ಬಂದವಳ ಹಾಗೆ ಉಸ್ಸೆಂದು ಕೂತಳು. ಅಡಕೊತ್ತು ತೆಗೆದಳು. "ಹಚ್ಚ ಬೇ ಅನ್ನಿ," ಅಂದಳು. ಊರಿಗೆಲ್ಲ ಅನ್ನವ್ವ ಆದವಳು ಅವಳಿಗೆ ಮಾತ್ರ ಅನ್ನಿ.

ನನ್ನ ಮಗ ಕುಬೇರಪ್ಪ ಮೈಕ್ ಸೆಟ್ ಬಾಡಿಗೆಗೆ ಕೊಡುವವನು. ಮದುವೆಗಳಿಗೆ ಅಂತ ತರುವ ಹೊಸ ಹಾಡಿನ ಪ್ಲೇಟುಗಳನ್ನೆಲ್ಲ ಮೊದಲು ಕೇಳುವವರು ನಾವಿಬ್ಬರು. ಅವನು ಹೊಸ ಪ್ಲೇಯರ್ ತಂದ ಮೇಲೆ ಹಳೆಯದು ನನ್ನ ಪಾಲಿಗೆ ಬಂದಿದೆ. ಪ್ರತಿ ವರ್ಷ ಯುಗಾದಿಯ ಹಿಂದಿನ ದಿನ ನಮ್ಮ ಕಟ್ಟೆಯ ಮೇಲೆ ಪಂಚಾಯಿತಿ. ವರ್ಷದ ಪ್ಲೇಟು ಯಾವುದು? ಅವಳದೊಂದು, ನನ್ನದೊಂದು. ಓಣಿಯ ಹೆಂಗಸರು ಯಾವುದಕ್ಕೆ ಹೆಚ್ಚು ಕೈ ಎತ್ತುತ್ತಾರೋ ಅದು ಹಬ್ಬದ ಬೆಳಗ್ಗೆ ಮಾಳಿಗೆ ಮೇಲಿನ ಸ್ಪೀಕರಿನಲ್ಲಿ ಊರಿಗೆಲ್ಲ. ಹೋದ ವರ್ಷ ಅವಳದು. ಅದರ ಹಿಂದಿನ ವರ್ಷವೂ ಅವಳದೇ... ಇರಲಿ.

ನಾಟಕದ ಪ್ಲೇಟು ಹಚ್ಚಿದೆ. ರಾಜ ಅಳುವುದು ಹಲ್ಲುನೋವಿನವನ ಹಾಗೆ ಅಂದೆ.

"ನಿನ್ನ ಗಂಡ ಹಂಗ ಅಳತಿದ್ದ. ಅದಕ್ಕ ನಿನಗ ಸೇರಂಗಿಲ್ಲ," ಅಂದಳು.

ಈ ವರ್ಷವೂ ಅವಳಿಗೆ ಒಂದು ಕವ್ವಾಲಿ ಮೆಚ್ಚಾಗಿದೆ. "ಒಬ್ಬಾಂವ ಹಾಡತಾನ, ಉಳಿದವರು ಚಪ್ಪಾಳಿ ಬಡೀತಾರ. ನೊಣಾ ಹೊಡದಂಗ," ಅಂದೆ.

"ನೀ ಭಜನ್ಯಾಗ ತಾಳ ಬಡೀತಿಯಲ್ಲ, ಅದೇನ ಗುಂಗಾಡ ಹೊಡ್ಯಾಕೇನ?"

ಸಂಜೆ ಬಸವಣ್ಣನ ಗುಡಿಯಲ್ಲಿ ಭಜನೆ. ಮೌಲಾ ಎಂದಿನಂತೆ ಬಾಗಿಲ ಬಾಜೂ ಕಂಬಕ್ಕೆ ಒರಗಿ ಕೂತಿದ್ದಳು. ವಚನದ ಸಾಲು ಮರೆತೆ. ಅಲ್ಲಿಂದಲೇ ತುಟಿ ಆಡಿಸಿ ನೆನಪು ಕೊಟ್ಟಳು. ಶಾಲೆಯಲ್ಲಿ ಮೂರನೇ ಇಯತ್ತೆಯಲ್ಲಿ ಬಾಜೂ ಕೂತಾಗಲೂ ಹೀಗೇ. ನಾಲ್ಕನೆಯದು ನಾನೊಬ್ಬಳೇ ಕಲಿತೆ. ಅದನ್ನು ಇನ್ನೂ ಹೇಳಿಕೊಂಡು ತಿರುಗುತ್ತೇನೆ ಅನ್ನುತ್ತಾಳೆ ಮೌಲಾ.

೧೧ ಮಾರ್ಚ್, ಮಂಗಳವಾರ

ಕುಬೇರಪ್ಪ ಹುಬ್ಬಳ್ಳಿಯಿಂದ ಒಂದು ಪ್ಲೇಟು ತಂದಿದ್ದಾನೆ. ಹಿಟ್ಟು ನಾದುವ ಪರಾತದಷ್ಟು ಅಗಲ. ಇಷ್ಟು ದೊಡ್ಡದು ನಮ್ಮ ಮನೆಗೆ ಇದೇ ಮೊದಲು. ವಚನಗಳಂತೆ. ಕವರಿನ ಮೇಲೆ ಒಂದು ದೀಪದ ಚಿತ್ರ, ಉಳಿದದ್ದೆಲ್ಲ ಇಂಗ್ಲಿಷ್ ಅಕ್ಷರ.

"ಯವ್ವಾ, ಇದು ದೊಡ್ಡ ಪ್ಲೇಟ. ಹಚ್ಚೂ ಮೊದಲ ಆ ಗುಂಡಿ—"

"ನಿನಗ ನಡಿಯಾಕ ಕಲಿಸಿದಾಕಿ ನಾ. ನನಗ ಗುಂಡಿ ತಿರವಾಕ ಕಲಸ್ತೀಯೇನಲೇ?"

ತಲೆ ಕೆರೆದುಕೊಂಡು ಅಂಗಡಿಗೆ ಹೋದ.

೧೨ ಮಾರ್ಚ್

ಕೇಳಿದೆ. ಏನು ಹೇಳಲಿ... ಹುಡುಗಿ. ಸಣ್ಣ ಹುಡುಗಿಯ ಕಂಠ. ಬೆಳ್ಳಿ ತಂತಿ ಎಳೆದ ಹಾಗೆ. ಎಲ್ಲೂ ನಿಲ್ಲದೆ ಓಡುತ್ತದೆ, ತಬಲದವನೇ ಹಿಂದೆ ಬೀಳಬೇಕು. ಇದೇ. ಈ ವರ್ಷದ ಪ್ಲೇಟು ಇದೇ.

ಮೌಲಾ ಅಡಕೆ ಕತ್ತರಿಸುವುದನ್ನು ಬಿಟ್ಟು ಎದೆ ಹಿಡಿದುಕೊಂಡಳು. "ಈ ಹುಡಿಗಿ ಉಸಿರ ಯಾವಾಗ ತಗೋತಾಳ ಬೇ? ಕೇಳಿ ನನಗ ದಮ್ಮ ಹತ್ತಿತು. ಆಕಿಗೆ ಉಬ್ಬಸ ಐತಿ, ನೋಡಕೋತ ಇರು."

ಹೊಟ್ಟೆಕಿಚ್ಚು. ಸೋಲುತ್ತೇನೆ ಅಂತ ಗೊತ್ತಾಗಿದೆ.

೨೭ ಮಾರ್ಚ್

ಬಾಜೂ ಮನೆಯ ರೇವವ್ವ ಪ್ಲೇಟು ಕೇಳಲು ಬಂದಿದ್ದಳು. "ಯಾರ್ರೀ ಈ ಕೂಸು?" ಅಂದಳು. ಕವರು ಕೈಯಲ್ಲಿತ್ತು. ಇಂಗ್ಲಿಷ್ ಅಕ್ಷರದ ಮೇಲೆ ಬೆರಳು ಓಡಿಸಿದೆ. "ಹನ್ನೆರಡ ವರ್ಷದಾಕಿ ಅಂತ ಬರದಾರ. ತಾಯಿ ಇಲ್ಲ. ಮಠದಾಗ ಬೆಳದಾಳ," ಅಂದೆ. ರೇವವ್ವ ಸೆರಗಿನಿಂದ ಕಣ್ಣು ಒತ್ತಿಕೊಂಡಳು.

ಯಾಕೆ ಅಂದೆನೋ. ಅಂದ ಮೇಲೆ ಆ ಹುಡುಗಿ ನನಗೂ ಕಾಣತೊಡಗಿದಳು. ಎರಡು ಜಡೆ, ಹಣೆಗೆ ವಿಭೂತಿ. ಓಣಿಯಲ್ಲೆಲ್ಲ ಈಗ ಅವಳದೇ ಮಾತು.

೧೧ ಏಪ್ರಿಲ್, ಶುಕ್ರವಾರ. ಅಮಾವಾಸ್ಯೆ

ಗೆದ್ದೆ.

ಬರೆದುಬಿಡಬೇಕು, ಹೇಗಾಯಿತು ಅಂತ.

ಕಟ್ಟೆ ತುಂಬಿತ್ತು. ಅವಳು ಕವ್ವಾಲಿ ಅಂದಳು, ನಾನು ಹುಡುಗಿ ಅಂದೆ. ಎರಡನ್ನೂ ಹಚ್ಚಿ ಕೇಳಿಸಿದೆವು. ಹೆಂಗಸರ ಕಣ್ಣಲ್ಲಿ ನೀರು, ನನ್ನ ಹುಡುಗಿಗಾಗಿ. ಅಷ್ಟರಲ್ಲಿ ಮೌಲಾ ಬಾಯಿ ತೆಗೆದಳು.

"ಬಾಲಕ್ಕ ಡಬ್ಬಿ ಕಟ್ಟಿದ ನಾಯಿ ಓಡಿದಂಗ ಐತಿ."

ಎಲ್ಲರೂ ನಕ್ಕರು. ಅಳುತ್ತಿದ್ದವರೂ.

"ವಚನ ಹಿಂಗ ಓಡಂಗಿಲ್ಲ ಬೇ ಅನ್ನಿ. ವಚನ ಎದುರಿಗೆ ನಿಂತು ಮಾತಾಡತೈತಿ," ಅಂದಳು. ತಮಾಷೆಯಲ್ಲ, ನಿಜವಾಗಿಯೇ ಅಂದಳು. ಹೆಂಗಸರು ತಲೆ ಆಡಿಸಿದರು. ಮೂರನೇ ವರ್ಷವೂ ಹೋಯಿತು ಅಂತ ನನಗೆ ಕಂಡಿತು. ಆಗ ಅಂದೆ:

"ವಚನ ಹೆಂಗಿರತೈತಿ ಅಂತ ನಿಮ್ಮ ಮಂದಿ ನಮಗ ಕಲಸ್ಬೇಕೇನ? ನಿನ್ನ ಕಿವಿ ಕವ್ವಾಲಿಗೆ ಹುಟ್ಟಿದ್ದು. ಅದನ್ನ ಕೇಳಕೋತ ನಿನ್ನ ಮನ್ಯಾಗ ಕೂಡ್ರು. ನಮ್ಮ ವಚನದಾಗ ಬಾಯಿ ಹಾಕಬ್ಯಾಡ."

ಆಮೇಲೆ ಕೈಗಳು ಎದ್ದವು. ಎಲ್ಲವೂ ನನ್ನ ಕಡೆ.

ಮೌಲಾ ಅಡಕೊತ್ತು ಮಡಚಿದಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಚಪ್ಪಲಿ ಮೆಟ್ಟುತ್ತ, "ಹೌದ್ರಿ ಅನ್ನವ್ವಾರ. ತಪ್ಪಾತ್ರಿ," ಅಂದಳು.

ನಮ್ಮಿಬ್ಬರ ನಡುವೆ 'ರಿ' ಇರಲಿಲ್ಲ. ಎಂದೂ.

೧೨ ಏಪ್ರಿಲ್, ಯುಗಾದಿ

ಹಬ್ಬದ ಬಾಡಿಗೆಗೆ ಅಂತ ಕುಬೇರಪ್ಪ ನಸುಕಿನಲ್ಲೇ ಕುಂದಗೋಳಕ್ಕೆ ಹೋದ. ನನ್ನ ಪ್ಲೇಯರಿಗೆ ಸ್ಪೀಕರಿನ ತಂತಿ ನಿನ್ನೆಯೇ ಜೋಡಿಸಿಟ್ಟಿದ್ದ. ನಾನೇ ಹಚ್ಚಿದೆ. ನಮ್ಮ ಸಂಶಿ ಊರೆಲ್ಲ ನನ್ನ ಹುಡುಗಿಯದೇ ದನಿ.

ಬೇವು-ಬೆಲ್ಲಕ್ಕೆ ನಮ್ಮ ಮನೆಗೆ ಮೊದಲು ಬರುವವಳು ಮೌಲಾ. ಅವಳ ಪಾಲನ್ನು ಬಟ್ಟಲಲ್ಲಿ ಹಾಕಿ ಮುಚ್ಚಿಟ್ಟೆ. ಸಂಜೆ ತೆಗೆದು ನೋಡಿದರೆ ಇರುವೆ.

೧೪ ಏಪ್ರಿಲ್, ಸೋಮವಾರ

ಭಜನೆ. ಕಂಬದ ಹತ್ತಿರ ರೇವವ್ವ ಕೂತಿದ್ದಳು, ಕಾಲು ಚಾಚಿ.

"ಅದು ಮೌಲಾ ಕೂಡೂ ಜಾಗಾ," ಅಂದೆ.

"ಆಕಿ ಬರಂಗಿಲ್ಲ ಬಿಡ್ರಿ. ಅವತ್ತ ನೀವು ಛಲೋ ಅಂದ್ರಿ. ನಮಗೂ ಹಂಗ ಅನಸ್ತಿತ್ತು. ಅನ್ನಾಕ ಬಾಯಿ ಇರಲಿಲ್ಲ."

ಪಕ್ಕದವರೂ ಹೂಂ ಅಂದರು. ಹಾಗಾದರೆ ನನ್ನ ಬಾಯಿ ಇವರಿಗೆಲ್ಲ ಬಾಡಿಗೆಗೆ ಹೋಗಿದೆ, ಮಗನ ಮೈಕಿನ ಹಾಗೆ. ಏನಾದರೂ ಹೇಳಬೇಕಿತ್ತು. ತಾಳ ತೆಗೆದುಕೊಂಡು ಕೂತೆ.

ಸಾಲು ಮರೆಯಿತು. ಕಂಬದ ಕಡೆ ನೋಡಿದೆ. ರೇವವ್ವ ಆಕಳಿಸುತ್ತಿದ್ದಳು.

೨೪ ಏಪ್ರಿಲ್

ಎದುರು ಮನೆಗೆ ಬೀಗ. ಯಮನೂರಿಗೆ ಹೋಗಿದ್ದಾಳಂತೆ, ತಂಗಿ ಗೌಸಬಿಯ ಮನೆಗೆ. ಯಾವಾಗ ಬರುತ್ತಾಳೋ ಯಾರಿಗೂ ಗೊತ್ತಿಲ್ಲ. ಕೋಳಿಗಳನ್ನು ಯಾರಿಗೋ ಕೊಟ್ಟುಹೋಗಿದ್ದಾಳೆ. ಯಾವಾಗಲೂ ನನಗೆ ಬಿಟ್ಟು ಹೋಗುತ್ತಿದ್ದಳು.

ಹೋಗಲಿ. ನನಗೇನು.

೪ ಮೇ, ಭಾನುವಾರ

ಅಣ್ಣಿಗೇರಿಯ ಮದುವೆಗೆ ಕುಬೇರಪ್ಪ ಸೆಟ್ ಒಯ್ದಿದ್ದ. ರೇವವ್ವನೂ ಆ ಮದುವೆಗೆ ಹೋಗಿದ್ದಳು. ಹುಡುಗಿ ಪ್ಲೇಟು ಹಚ್ಚು ಅಂತ ಬೆನ್ನು ಹತ್ತಿದಳಂತೆ. ಹಚ್ಚಿದ. ಇದಲ್ಲ, ಹುಡುಗೀದು ಹಚ್ಚು ಅಂದಳಂತೆ. ಬೆಳಗ್ಗೆ ಬಂದವನು ಬಾಗಿಲಲ್ಲೇ ಕೇಳಿದ.

"ಯವ್ವಾ, ಆ ಹುಡಿಗಿ ಹಾಡಿದ ಪ್ಲೇಟ ಎಲ್ಲಿ ಐತಿ?"

"ನೀ ಒಯ್ದದ್ದ ಅದು."

"ಅದರಾಗ ಗಂಡಸ ಹಾಡ್ಯಾನಲ್ಲ!"

ನಾನು ಬೈದೆ. ಅವನು ನನ್ನ ಪ್ಲೇಯರಿನ ಹತ್ತಿರ ಹೋದ. ಬಗ್ಗಿ ನೋಡಿದ. ನಗು ತಡೆಯಲು ಕೆಮ್ಮಿದ.

"ಸಣ್ಣ ಪ್ಲೇಟ ಜೋರ ತಿರಗಬೇಕು, ದೊಡ್ಡದು ಸಾವಕಾಶ. ಗುಂಡಿ ಸಣ್ಣದರ ಮ್ಯಾಲ ಐತಿ. ನೀ ಇಷ್ಟ ದಿವಸ ಅಂವನ್ನ ಓಡಿಸೀದಿ ಯವ್ವಾ."

ತಿರುಗಿಸಿ ಹಚ್ಚಿದ. ದಪ್ಪನೆಯ ದನಿ. ನಡುವಯಸ್ಸಿನ ಗಂಡಸು. ಒಂದು ಸಾಲು ಹಾಡುತ್ತಾನೆ, ಬಿಡುತ್ತಾನೆ, ಉಸಿರು ತುಂಬಿಕೊಳ್ಳುತ್ತಾನೆ, ಆಮೇಲೆ ಇನ್ನೊಂದು. ಎದುರಿಗೆ ನಿಂತು ಮಾತಾಡಿದ ಹಾಗೆ.

ಮೌಲಾ ಅಂದದ್ದು ಇದನ್ನೇ. ಉಬ್ಬಸ ಅಂದದ್ದು ಅವಳ ಮೂರ್ಖತನ, ಆದರೆ ಇದನ್ನು ಅವಳು ಅಂದಿದ್ದಳು.

ಎರಡು ಜಡೆಯ ಹುಡುಗಿ ಎಲ್ಲಿಗೆ ಹೋದಳೋ.

೫ ಮೇ

ನಳದ ಹತ್ತಿರ ರೇವವ್ವ, ಎಲ್ಲರ ಮುಂದೆ: "ಅನ್ನವ್ವಾರ, ನಿಮ್ಮ ಹುಡಿಗಿಗೆ ಮೀಸಿ ಬಂದಾವಂತಲ್ರಿ?"

ಕೊಡ ಇಟ್ಟು ನಕ್ಕರು. ನಗಲಿ. ಇದು ಚರ್ಮದ ಮೇಲಿನದು, ತೊಳೆದರೆ ಹೋಗುತ್ತದೆ. ಆದರೆ ಇನ್ನೊಂದು ಮಾತು ಯಾರಿಗೂ ನೆನಪಾಗಲಿಲ್ಲ. ಪ್ಲೇಟು ತಪ್ಪಾಗಿ ಹಚ್ಚಿದ್ದು ತಪ್ಪು. ಮೌಲಾಗೆ ಅಂದದ್ದು ಯಾರಿಗೂ ತಪ್ಪಲ್ಲ. ಒಬ್ಬಳಿಗೂ ಅಲ್ಲ.

ನನಗೆ ಅನ್ನಿಸಿದ್ದಾದರೂ ಯಾವಾಗ? ಪ್ಲೇಟಿನಲ್ಲಿ ಸೋತ ಮೇಲೆ. ಅದು ನಿಜವಾಗಿ ಹುಡುಗಿಯೇ ಆಗಿದ್ದರೆ ಇವತ್ತಿಗೂ ಗೆದ್ದೆ ಅಂತ ತಿರುಗುತ್ತಿದ್ದೆ. ಥೂ.

೮ ಮೇ, ಗುರುವಾರ

ಯಮನೂರಿಗೆ ಹೋಗಿ ಬಂದೆ. ಹುಬ್ಬಳ್ಳಿ, ನವಲಗುಂದ, ಬಸ್ಸು ಬದಲಿಸುತ್ತ. ಪ್ಲೇಟನ್ನು ಟವೆಲಿನಲ್ಲಿ ಸುತ್ತಿ ಒಯ್ದೆ. ಅಲ್ಲಿ ಪ್ಲೇಯರ್ ಎಲ್ಲಿ? ಬರಿಗೈಯಲ್ಲಿ ಹೋಗಲು ಮುಖ ಇರಲಿಲ್ಲ.

ಕಿಟಕಿಯ ಬಿಸಿಲು ದಾರಿಯುದ್ದಕ್ಕೂ ಅದರ ಮೇಲೆ. ಗೌಸಬಿ ಟವೆಲು ಬಿಚ್ಚಿದಳು. ಅಂಚು ಸೊಟ್ಟಗಾಗಿ ಎದ್ದಿತ್ತು.

"ಇದೇನ ಯಕ್ಕಾ, ಹಪ್ಪಳಾ ತಂದೀರೇನು?"

ಮೌಲಾ ನಗಲಿಲ್ಲ. ನೀರು ತಂದಿಟ್ಟಳು, ಸೊರಗಿ ಇಳಿದಿದ್ದಾಳೆ. ಗುಂಡಿಯ ಕತೆ ಹೇಳಿದೆ. ಮೀಸೆಯ ಮಾತು ಬಂದಾಗ ತುಟಿಯ ತುದಿ ಎದ್ದಿತು. ಆಮೇಲೆ ನನ್ನ ಮೋರೆಯನ್ನೇ ನೋಡಿದಳು. ಆ ಇನ್ನೊಂದು ಮಾತಿಗೆ ಕಾಯುತ್ತಿದ್ದಾಳೆ ಅಂತ ಗೊತ್ತಾಯಿತು. ನಾನು ಕಥೆಯನ್ನು ಇನ್ನೊಮ್ಮೆ ಮೊದಲಿನಿಂದ ಹೇಳಿದೆ!

"ಇದನ್ನ ಹೇಳಾಕ ಇಷ್ಟ ಬಿಸಲಾಗ ಬಂದ್ರೇನ್ರಿ?"

"ಹೂಂ," ಅಂದೆ.

ಎಂಥ ನಾಲಿಗೆ ಇದು. ಬೀಗರನ್ನು ಬೈದಿದೆ, ಶಾನುಭೋಗರನ್ನು ಬೈದಿದೆ, ಸತ್ತ ಗಂಡನನ್ನೂ ಬಿಟ್ಟಿಲ್ಲ. ಇವತ್ತು ಒಣಗಿ ಅಂಗುಳಕ್ಕೆ ಹತ್ತಿಕೊಂಡಿತು. ಬಸ್ಸಿನ ಹೊತ್ತಾಯಿತು ಅಂತ ಪ್ಲೇಟು ಸುತ್ತಿಕೊಂಡು ಎದ್ದೆ. ಬಸ್ಸಿಗೆ ಬೇಕಾದಷ್ಟು ಹೊತ್ತಿತ್ತು. ಅವಳಿಗೂ ಗೊತ್ತಿತ್ತು.

೧೨ ಮೇ, ಸೋಮವಾರ

ಭಜನೆ ಶುರುವಾಗುವ ಮುಂಚೆ ಕಂಬದ ಹತ್ತಿರ ಹೋದೆ.

"ರೇವವ್ವ, ಏಳು."

"ಯಾಕ್ರಿ?"

"ಇದು ಮೌಲಾನ ಜಾಗಾ. ಆಕಿಗೆ ಬರೂ ವಚನ ನಮ್ಯಾಗ ಯಾರಿಗೂ ಬರಂಗಿಲ್ಲ. ಅವತ್ತ ನಾ ಆಡಿದ್ದು ಹೊಲಸ ಮಾತು. ಗೆಲ್ಲಾಕ ಆಡಿದ್ದು. ಅದನ್ನ ಯಾರೂ ಎತ್ತಿ ಆಡಬ್ಯಾಡ್ರಿ. ಕವರ್ ಮ್ಯಾಲ ಓದೇನಿ ಅಂದದ್ದೂ ಸುಳ್ಳ. ನನಗ ಇಂಗ್ಲಿಷ್ ಬರಂಗಿಲ್ಲ."

ಕಂಬ ಹಿಡಿದು ನಿಂತೆ.

"ಹಂಗಾದ್ರ ತಾಯಿ ಇಲ್ಲದ್ದೂ ಸುಳ್ಳೇನ್ರಿ?" ಅಂದಳು ರೇವವ್ವ. "ನಾ ಎಷ್ಟ ಅತ್ತೇನಿ!"

ಎದ್ದಳು ಮಾತ್ರ. ಗೊಣಗುತ್ತ, ಸೀರೆ ಝಾಡಿಸಿಕೊಳ್ಳುತ್ತ ಎದ್ದಳು. ಕೆಲವರು ಇವತ್ತು ನನ್ನ ಜೊತೆ ಮನೆಗೆ ನಡೆದು ಬರಲಿಲ್ಲ.

೧೬ ಮೇ, ಶುಕ್ರವಾರ. ಮಧ್ಯಾಹ್ನ

ಎದುರು ಮನೆಯ ಬೀಗ ತೆಗೆದಿದೆ. ಅಂಗಳ ಗುಡಿಸಿದ ಸದ್ದು ಕೇಳಿ ಎದ್ದೆ. ಹೋಗಬೇಕು. ಹೋಗಿಲ್ಲ.

ಅದೇ ದಿನ, ಕರೆಂಟು ಬಂದ ಮೇಲೆ

ಅವಳೇ ಬಂದಳು. ಚಾಪೆ ಹಾಸಿದೆ. ಚಾಪೆಗೆ ಬರಲಿಲ್ಲ, ಕಟ್ಟೆಯ ಮೆಟ್ಟಿಲ ಮೇಲೆ ಕೂತಳು. ಯಾರೋ ಬೇರೆ ಊರಿನವರ ಹಾಗೆ.

"ಹಚ್ರಿ," ಅಂದಳು.

ಸೊಟ್ಟ ಪ್ಲೇಟು ಹಾಕಿದೆ. ಗುಂಡಿ ಎಲ್ಲಿದೆ ಅಂತ ಮೆಟ್ಟಿಲಿಂದಲೇ ಕತ್ತು ಚಾಚಿ ನೋಡಿದಳು. ಪಿನ್ನು ಏಳುತ್ತ ಬೀಳುತ್ತ ಹೋಯಿತು, ಏರುಪೇರಿನ ರಸ್ತೆಯಲ್ಲಿ ಚಕ್ಕಡಿ ಹೋದ ಹಾಗೆ. ಆದರೂ ಹಾಡಿದ. ಕಣ್ಣು ಮುಚ್ಚಿ ಕೇಳಿದಳು. ಅವನು ಉಸಿರು ತೆಗೆದುಕೊಂಡ ಕಡೆಯೆಲ್ಲ ಅವಳೂ ತೆಗೆದುಕೊಂಡಳು.

ಮುಗಿಯಿತು. ಅಡಕೊತ್ತು ತೆಗೆಯಲಿಲ್ಲ.

"ಇದು ಈ ವರ್ಷದ್ದು ಹೌದು. ನನ್ನ ಕವ್ವಾಲಿಗಿಂತ ಒಂದ ಕೈ ಮ್ಯಾಲ," ಅಂದಳು.

ನಾನು ನೆಲ ನೋಡುತ್ತಿದ್ದೆ.

"ಗುಡ್ಯಾಗಿನ ಸುದ್ದಿ ಯಮನೂರತನಾ ಬಂತು. ಮಂದಿ ಮುಂದ ಹೇಳೀರಿ. ಛಲೋ ಆತು. ನನ್ನ ಮುಂದ ಹೇಳಿಲ್ಲ."

"ಮೌಲಾ..."

"ಈಗ ಬ್ಯಾಡ. ಆ ಇನ್ನೊಂದ ಬಾಜು ನಾವು ಕೇಳೇ ಇಲ್ಲ. ಅದನ್ನ ಹಚ್ಚು. ಅದು ಮುಗಿಯೂತನಾ ನಿನಗ ಹೊತ್ತ ಐತಿ. ಏನ ಹೇಳ್ತಿ, ಹೊಂದಿಸ್ಕೊಂಡ ಬಾ."

ಹೊರಳಿಸಿ ಹಾಕಿ ಒಳಗೆ ಬಂದಿದ್ದೇನೆ. ನಾಲ್ಕನೇ ಇಯತ್ತೆ ಕಲಿತವಳು. ಬರೆದು ನೋಡಿದರೆ ಮಾತು ಹೊಂದುತ್ತದೆ ಅಂದುಕೊಂಡೆ. ಬರೆದೆ, ಹೊಡೆದು ಹಾಕಿದೆ. ಸಿಟ್ಟಿನಲ್ಲಿ ಅಂದೆ ಅಂತ ಬರೆದೆ. ಸಿಟ್ಟು ಇರಲಿಲ್ಲ. ಬಾಯಿ ತಪ್ಪಿ ಬಂತು ಅಂತ ಬರೆದೆ. ತಪ್ಪಿ ಬರಲಿಲ್ಲ. ಆರಿಸಿ ಆಡಿದ್ದು. ಎಲ್ಲಿ ನಾಟುತ್ತದೆ ಅಂತ ಗೊತ್ತಿದ್ದೇ ಆಡಿದ್ದು. ಅಷ್ಟು ಹತ್ತಿರದವಳಾದ್ದರಿಂದಲೇ ಗೊತ್ತಿತ್ತು.

ಕಿಟಕಿಯಲ್ಲಿ ಅವಳ ಬೆನ್ನು ಕಾಣುತ್ತದೆ. ಇನ್ನೂ ಮೆಟ್ಟಿಲ ಮೇಲೆಯೇ. ಬಿಸಿಲು ಅವಳ ಕಾಲಿಗೆ ಬಂದಿದೆ, ಸರಿದು ಕೂತಿಲ್ಲ.

ಹಾಡು ನಿಂತಿತು. ಪಿನ್ನು ಒಳಗಿನ ಗೆರೆಯಲ್ಲಿ ಕರ್ ಕರ್ ಅಂತ ಸುತ್ತುತ್ತಿದೆ. ಅವಳು ತೆಗೆಯುವುದಿಲ್ಲ. ನಾನೇ ಹೋಗಿ ತೆಗೆಯಬೇಕು. ಏಳುತ್ತೇನೆ.

ಮೌಲಾ, ನಾ ಅವತ್ತ ನಿನಗ