ಲೂನ್ ಕ್ರೀಕ್‌ನ ಪಟ್ಟಿಯಲ್ಲಿ ಮೇಬಲ್ ಇಲ್ಲ

ಲೂನ್ ಕ್ರೀಕ್, ಐಡಹೊ
ನವೆಂಬರ್ 21, 1999, ಭಾನುವಾರ

ಪ್ರೀತಿಯ ರೋನಕ್ಕಾ,

ನಮ್ಮವರು ನಿನಗೆ ಇಲ್ಲಿ ಜಾಗ ಕೊಟ್ಟಿದ್ದಾರೆ, ನಿನ್ನ ಮಗಳಿಗೆ ಕೊಟ್ಟಿಲ್ಲ. ಗುರುವಾರದ ಸಭೆಯಲ್ಲಿ ಕೈ ಎತ್ತಿ ತೀರ್ಮಾನಿಸಿದರು. ಮನೆಗೊಂದರಂತೆ ಹನ್ನೊಂದು ಮತ, ಅದರಲ್ಲಿ ಒಂಬತ್ತು ಕೈ ಮೇಲೆದ್ದವು. ಆ ಒಂಬತ್ತರಲ್ಲಿ ಒಂದು ಅಪ್ಪನದು.

ಇದನ್ನು ಮೊದಲೇ ಬರೆಯದಿದ್ದರೆ ನಾಲ್ಕು ಪುಟ ಹಿಮದ ವಿಷಯ ಬರೆದು ಕಾಗದ ಮುಗಿಸಿಬಿಡುತ್ತಿದ್ದೆ. ಈಗ ಕೇಳುತ್ತೇನೆ, ಹೇಗಿದ್ದೀಯ? ಆಸ್ಪತ್ರೆಯಲ್ಲಿ ಇನ್ನೂ ರಾತ್ರಿ ಪಾಳಿಯೇ? ಮೇಬಲ್ ಈಗ ತನ್ನ ಇನ್ಸುಲಿನ್ ತಾನೇ ಚುಚ್ಚಿಕೊಳ್ಳುತ್ತಾಳೆ ಎಂದು ನೀನು ಬರೆದಿದ್ದೆ. ಏಳು ವರ್ಷದ ಮಗು! ನಾನು ಹತ್ತೊಂಬತ್ತಾದರೂ ಕಾಲಿಗೆ ಹೊಕ್ಕ ಮುಳ್ಳನ್ನು ಅಮ್ಮನ ಹತ್ತಿರವೇ ತೆಗೆಸಿಕೊಳ್ಳುತ್ತೇನೆ. ಅವಳಿಗೆ ಬೆಳಗಿನ ಹೊತ್ತು ಸಕ್ಕರೆ ಇಳಿಯುವುದು ನಿಂತಿತೇ? ಅಮ್ಮ ದಿನಕ್ಕೆ ಎರಡು ಸಲವಾದರೂ ಕೇಳುತ್ತಾಳೆ, ಗೊತ್ತಿಲ್ಲ ಎಂದು ಎರಡು ಸಲವೂ ಹೇಳುತ್ತೇನೆ. ಫೋನಿನಲ್ಲಿ ಕೇಳಬಹುದಿತ್ತು, ಆದರೆ ಫೋನಿರುವ ಕೋಣೆಯಲ್ಲೇ ಅಪ್ಪ ದಿನವಿಡೀ ಕೂತಿರುತ್ತಾರೆ.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಜನವರಿ ಒಂದಕ್ಕೆ ಕಂಪ್ಯೂಟರುಗಳಿಗೆ ವರ್ಷದ ಲೆಕ್ಕ ತಪ್ಪುತ್ತದೆ; ವಿದ್ಯುತ್ತು, ಬ್ಯಾಂಕು, ಲಾರಿ ಒಂದರ ಹಿಂದೊಂದು ನಿಲ್ಲುತ್ತವೆ ಎಂದು ನಾನು ಇವತ್ತಿಗೂ ನಂಬುತ್ತೇನೆ. ನೀನು ನಗುತ್ತೀಯ, ನಗು. ಮೂರು ದಿನ ಲಾರಿ ಬಾರದಿದ್ದರೆ ಹಸಿಯುವ ಊರನ್ನು ಊರೆಂದು ಕರೆಯುವುದೇ ತಪ್ಪು ಎಂಬ ನನ್ನ ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಇಲ್ಲಿ ಹನ್ನೊಂದು ಮನೆಯವರು ಸೇರಿ ಏಳು ವರ್ಷಕ್ಕೆ ಸಿದ್ಧವಾಗಿದ್ದೇವೆ. ನಮ್ಮ ನೆಲಮಾಳಿಗೆಯೊಂದರಲ್ಲೇ ಅರವತ್ತು ಬಕೆಟ್ ಗೋಧಿ ಇದೆ. ಬೀನ್ಸ್, ಉಪ್ಪು, ಒಣಗಿಸಿದ ಜಿಂಕೆ ಮಾಂಸ, ಅಮ್ಮ ಜಾಡಿಗೆ ತುಂಬಿದ ಹಕಲ್‌ಬೆರಿ ಹಣ್ಣು ಇವೆ. ಬಾವಿಗೆ ಕೈಪಂಪು ಕೂರಿಸಿದ್ದಾಯಿತು. ಕಣಿವೆಯ ಬಾಯಲ್ಲಿ ಕಬ್ಬಿಣದ ಗೇಟು ಬಂತು. ಗೇಟಿನೊಳಗೆ ಯಾರು ಯಾರು ಎಂಬ ಪಟ್ಟಿಯನ್ನು ವೆಂಡೆಲ್ ಸ್ಟ್ರೌಡ್ ಇಟ್ಟುಕೊಂಡಿದ್ದಾರೆ. ಅವರನ್ನು ನೀನು ನೋಡಿಲ್ಲ, ನೀನು ಪಟ್ಟಣಕ್ಕೆ ಹೋದ ಮೇಲೆ ಬಂದವರು. ನಿವೃತ್ತ ಸರ್ವೇಯರ್, ಏನನ್ನೂ ಅಳೆಯದೆ ನಂಬುವವರಲ್ಲ.

ಅಕ್ಟೋಬರಿನಲ್ಲಿ ಐದು ದಿನದ ತಾಲೀಮು ಇಟ್ಟುಕೊಂಡೆವು. ಎಲ್ಲ ಮನೆಯಲ್ಲೂ ವಿದ್ಯುತ್ ಬಂದ್, ಪೇಟೆಗೆ ಯಾರೂ ಹೋಗಬಾರದು, ಜನವರಿ ಬಂದೇಬಿಟ್ಟಿತು ಎಂದುಕೊಂಡು ಬದುಕಬೇಕು. ಮೂರನೆಯ ದಿನ ವೆಂಡೆಲ್ ಅವರ ಮನೆಯಲ್ಲಿ ದೊಡ್ಡ ಡಬ್ಬಿಯ ಪೀಚ್ ತೆರೆಯಬೇಕಾಯಿತು. ಅವರ ಬಳಿ ಮುನ್ನೂರು ಡಬ್ಬಿಗಳಿವೆ, ಡಬ್ಬಿ ತೆರೆಯುವ ಯಂತ್ರ ಒಂದೇ ಇದೆ, ಅದು ಕರೆಂಟಿನದು! ಬೇಟೆಯ ಚಾಕು ಹಾಕಿ ಅದುಮಿದರು, ಅಂಗೈ ಹೆಬ್ಬೆರಳ ಬುಡದಿಂದ ಸೀಳಿತು. ಹೊಲಿಗೆ ಹಾಕುವ ಸೂಜಿ, ದಾರ, ಚಿತ್ರಸಹಿತ ಸೂಚನೆ ಎಲ್ಲ ನಮ್ಮ ಪೆಟ್ಟಿಗೆಯಲ್ಲಿತ್ತು. ಸೂಜಿ ಹಿಡಿಯುವ ಕೈಯೊಂದು ಇರಲಿಲ್ಲ. ನಾನು ಹಿಡಿದೆ, ದಾರ ಪೋಣಿಸಿದೆ, ಚುಚ್ಚಲಾಗದೆ ಕೆಳಗಿಟ್ಟೆ. ಜೇನು ಸಾಕುವ ಇಡಾ ಅಜ್ಜಿ ಬಟ್ಟೆ ಸುತ್ತಿ, "ಏಳು ವರ್ಷಕ್ಕೆ ದಿನಸಿ ಇಟ್ಕೊಂಡೋರಿಗೆ ಏಳು ನಿಮಿಷದ ರಕ್ತ ನಿಲ್ಸೋಕೆ ಬರಲ್ಲ, ಏಳಪ್ಪಾ, ಕಾರು ಹತ್ತು," ಎಂದಳು. ಪೇಟೆಯ ಆಸ್ಪತ್ರೆಗೇ ಹೋದರು. ಹದಿನಾಲ್ಕು ಹೊಲಿಗೆ ಬಿತ್ತು. ಸಭೆಯ ನಡಾವಳಿ ಪುಸ್ತಕದಲ್ಲಿ ಮಾತ್ರ "ತಾಲೀಮು ಯಶಸ್ವಿ" ಎಂದಿದೆ.

ಆಮೇಲೆಯೇ ಎಲ್ಲರಿಗೂ ನಿನ್ನ ನೆನಪಾದದ್ದು. ನರ್ಸ್ ಬೇಕು, ನಮ್ಮಲ್ಲೇ ಒಬ್ಬರ ಮಗಳು ನರ್ಸ್ ಇದ್ದಾಳಲ್ಲ! ವೆಂಡೆಲ್ ನಿನ್ನ ಹೆಸರು ಎತ್ತಿದಾಗ ಕುರ್ಚಿಯಿಂದ ಎದ್ದು ಕುಣಿಯುವಷ್ಟು ಖುಷಿಯಾಯಿತು ನನಗೆ. ಆಗ ಅವರು ನಿಯಮ ಓದಿದರು. "ಸ್ಥಳದಲ್ಲಿ ತಯಾರಿಸಲಾಗದ ಔಷಧಿಯಿಂದ ಬದುಕುವವರನ್ನು ಲೆಕ್ಕಕ್ಕೆ ಸೇರಿಸಬಾರದು."

ಅಕ್ಕಾ, ಆ ನಿಯಮವನ್ನು ಇಲ್ಲಿಗೆ ತಂದವಳು ನಾನು. ಫೆಬ್ರುವರಿಯಲ್ಲಿ ಅಂಚೆಯಲ್ಲಿ ತರಿಸಿದ ಒಂದು ಕಿರುಹೊತ್ತಿಗೆಯ ನಾಲ್ಕನೆಯ ಪುಟದಲ್ಲಿ ಅದಿತ್ತು. ಹನ್ನೊಂದು ಪ್ರತಿ ಟೈಪು ಮಾಡಿ ಮನೆಮನೆಗೆ ಹಂಚಿದೆ. ಟೈಪು ಮಾಡುವಾಗ ಒಮ್ಮೆಯೂ ಮೇಬಲ್ ನೆನಪಾಗಲಿಲ್ಲ. ಚೆನ್ನಾಗಿ ಬರೆದ ವಾಕ್ಯ ಎನ್ನಿಸಿತ್ತು, ಅಷ್ಟೇ. ಮಾರ್ಚಿನಲ್ಲಿ ಇಲ್ಲಿನ ಇನ್ನೊಂದು ಮನೆಯ ಟಾಡ್‌ನ ತಂದೆಗೆ ಆಮ್ಲಜನಕದ ಸಿಲಿಂಡರು ಬೇಕೆಂದು ಇದೇ ನಿಯಮದ ಕೆಳಗೆ ಪಟ್ಟಿಯಿಂದ ಅವರ ಹೆಸರು ಹೊಡೆದುಹಾಕಿದರು. ಅವತ್ತು ಎದ್ದು ನಿಂತು ಓದಿದವರು ಅಪ್ಪ. ನಾನು ಅಲ್ಲೇ ಇದ್ದೆ. ಕಠಿಣವಾದರೂ ನ್ಯಾಯ ಎಂದುಕೊಂಡು ಮನೆಗೆ ಬಂದು ಊಟ ಮಾಡಿದೆ. ಇದನ್ನು ನಿನಗೆ ಹೇಳದೆ ಬೇರೆಯವರ ಮೇಲೆ ಸಿಟ್ಟು ತೋರಿಸುವ ಹಕ್ಕು ನನಗಿಲ್ಲ.

ಗುರುವಾರ ಎದ್ದು ಜಗಳವಾಡಿದೆ. ತಣ್ಣಗಿಟ್ಟರೆ ಇನ್ಸುಲಿನ್ ಒಂದೂವರೆ ವರ್ಷ ಬರುತ್ತದೆ, ನಮ್ಮ ತೊರೆಯ ಪಕ್ಕದ ಕಲ್ಲುಮನೆ ಬೇಸಿಗೆಯಲ್ಲೂ ತಣ್ಣಗಿರುತ್ತದೆ, ಉಷ್ಣಮಾಪಕ ಇಟ್ಟು ನೋಡಿದ್ದೇನೆ ಎಂದೆ. "ಒಂದೂವರೆ ವರ್ಷ ಆದ್ಮೇಲೆ?" ಎಂದರು ವೆಂಡೆಲ್. "ಆದ್ಮೇಲೆ ನಿಮ್ಮ ಕೈ ಮತ್ತೆ ಸೀಳಿದ್ರೆ?" ಎಂದೆ. ಯಾರೋ ನಕ್ಕರು. ಅವರು ಕೋಪಿಸಿಕೊಳ್ಳಲಿಲ್ಲ. "ಹುಡುಗಿ, ನೀನೇ ಕೊಟ್ಟ ಪುಸ್ತಕ ಇದು," ಎಂದು ಸಮಾಧಾನದಲ್ಲೇ ಹೇಳಿದರು. ಮತಕ್ಕೆ ಹಾಕಿದರು. ವೆಂಡೆಲ್ ಎತ್ತಿದ್ದು ಬ್ಯಾಂಡೇಜಿನ ಕೈ. ಅಪ್ಪ ಯಾರ ಮುಖವನ್ನೂ ನೋಡದೆ, ಕಡೆಯದಾಗಿ ಎತ್ತಿದರು. ಎತ್ತದೆ ಕೂತವರು ಇಬ್ಬರೇ. ಒಬ್ಬಳು ಇಡಾ ಅಜ್ಜಿ. ಇನ್ನೊಬ್ಬ ಟಾಡ್. ಟಾಡ್ ಕೈ ಕಟ್ಟಿಕೊಂಡು ನಮ್ಮ ಅಪ್ಪನನ್ನೇ ನೋಡುತ್ತ ಕೂತಿದ್ದ. ಎತ್ತುತ್ತಾನೆ, ಎತ್ತುವ ಹಕ್ಕು ಅವನಿಗಿದೆ ಎಂದುಕೊಂಡಿದ್ದೆ. ಅವನು ಎತ್ತಲಿಲ್ಲ.

ದಾರಿಯಲ್ಲಿ ಅಪ್ಪನನ್ನು ಕೇಳಿದೆ. "ಟಾಡ್‌ನ ಅಪ್ಪನಿಗೆ ಒಂದು ನಿಯಮ, ನನ್ನ ಮೊಮ್ಮಗಳಿಗೆ ಇನ್ನೊಂದು ಅಂದ್ರೆ ನಾನು ಯಾವ ಸೀಮೆ ಮನುಷ್ಯ?" ಎಂದರು. ಮಾರ್ಚಿನದೂ ತಪ್ಪು, ಇದೂ ತಪ್ಪು, ಎರಡು ತಪ್ಪು ಸಮನಾದರೆ ನ್ಯಾಯವಾಗುವುದಿಲ್ಲ ಎಂದೆ. "ನೀನು ಓದೋದು ಜಾಸ್ತಿ ಆಯ್ತು," ಎಂದರು. ಮನೆಯಲ್ಲಿ ಅಮ್ಮನಿಗೆ ನಮ್ಮ ಮುಖ ನೋಡಿಯೇ ಗೊತ್ತಾಗಿತ್ತು. ಊಟವಾದ ಮೇಲೆ, "ಕೈ ಎತ್ತೋಕೆ ಶಕ್ತಿ ಇತ್ತಲ್ಲ, ತಟ್ಟೆ ನೀವೇ ತೊಳ್ಕೊಳ್ಳಿ," ಎಂದಳು. ಮದುವೆಯಾದ ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅಪ್ಪ ತಟ್ಟೆ ತೊಳೆದರು. ಅವತ್ತಿನಿಂದ ದಿನಾ ಅವರೇ ತೊಳೆಯುತ್ತಿದ್ದಾರೆ.

ಈಗ ನೀನು ಮಾಡಬೇಕಾದದ್ದು. ನಗದೆ ಓದು. ಮೇಬಲ್‌ಳ ವೈದ್ಯರನ್ನು ಕೇಳಿ ಕೊಡುವಷ್ಟು ತಿಂಗಳ ಇನ್ಸುಲಿನ್ ಈಗಲೇ ತೆಗೆದುಕೊ. ಸೂಜಿ, ರಕ್ತದ ಸಕ್ಕರೆ ನೋಡುವ ಪಟ್ಟಿಗಳೂ ಅಷ್ಟೇ. ಶೀಶೆಗಳು ಹೆಪ್ಪುಗಟ್ಟಬಾರದು, ಹೆಪ್ಪುಗಟ್ಟಿದರೆ ಕೆಟ್ಟಂತೆ. ಕರೆಂಟು ಹೋದರೆ ಕಿಟಕಿಯ ಹೊರಗಿಡಬೇಡ, ಬಟ್ಟೆಯಲ್ಲಿ ಸುತ್ತಿ ಬಾಗಿಲ ಬಳಿಯ ತಣ್ಣನೆ ಮೂಲೆಯಲ್ಲಿಡು. ಇದು ನಿನಗೆ ನನಗಿಂತ ಚೆನ್ನಾಗಿ ಗೊತ್ತು, ಆದರೂ ಬರೆಯುತ್ತೇನೆ. ಡಿಸೆಂಬರ್ ಮೂವತ್ತಕ್ಕೆ ಸ್ನಾನದ ತೊಟ್ಟಿ ತುಂಬಿಸು. ನಿನ್ನ ಮಹಡಿಯಲ್ಲಿರುವ ಮುದುಕರು ಯಾರು, ಒಬ್ಬರೇ ಇರುವವರು ಯಾರು, ಯಾರಿಗೆ ಯಾವ ಔಷಧಿ ಎಂದು ಬರೆದಿಟ್ಟುಕೊ. ಬಾಗಿಲು ಹಾಕಿಕೊಳ್ಳುವುದಕ್ಕಲ್ಲ, ತಟ್ಟುವುದಕ್ಕೆ. ಯಾವ ಕಿರುಹೊತ್ತಿಗೆಯಲ್ಲೂ ಈ ಪಟ್ಟಿ ಇಲ್ಲ. ನಾನು ಬರೆಯಲು ಶುರುಮಾಡಿದ್ದೇನೆ, ಎರಡು ಪುಟವಾಗಿದೆ.

ನೀನೊಬ್ಬಳೇ ಬಾ ಎಂದು ವೆಂಡೆಲ್ ಬೇರೆ ಕಾಗದ ಬರೆಯುತ್ತಾರೆ. ಸಭ್ಯವಾಗಿಯೇ ಬರೆಯುತ್ತಾರೆ, ಅವರು ಕೆಟ್ಟವರಲ್ಲ. ನಿನ್ನ ಉತ್ತರ ಏನಿರುತ್ತದೆ ಎಂದು ನನಗೆ ಗೊತ್ತು, ಆದರೂ ಅದನ್ನು ನೀನೇ ಬರೆದು ಕಳಿಸು. ನಡಾವಳಿ ಪುಸ್ತಕದಲ್ಲಿ ಸೇರಿಸಲಿ.

ಅಮ್ಮ ನಿಮ್ಮಿಬ್ಬರನ್ನೂ ದೇವರು ಕಾಯಲಿ ಎನ್ನುತ್ತಾಳೆ. ಇಡಾ ಅಜ್ಜಿ ಜೇನು ಕಳಿಸುತ್ತೇನೆಂದು ಹೊರಟವಳು, ಮಗುವಿನ ಕಾಯಿಲೆ ನೆನಪಾಗಿ ನಾಲಿಗೆ ಕಚ್ಚಿಕೊಂಡು, ಮೇಣದಬತ್ತಿ ಕೊಟ್ಟಿದ್ದಾಳೆ. ಮೇಬಲ್‌ಳ ಎರಡೂ ಕೆನ್ನೆಗೆ ನನ್ನ ಮುತ್ತು.

ನಿನ್ನ ತಂಗಿ,
ಥಿಯಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪ ಬಂದು ವಿಳಾಸ ನೋಡಿದರು. "ಏನು ಬರೆದೆ?" ಎಂದರು. ನೀವು ಮಾಡಿದ್ದನ್ನು ಎಂದೆ. "ಉಪ್ಪುಖಾರ ಹಚ್ಚದೆ ಬರೆದಿದ್ದೀಯಾ?" ಎಂದರು. ಹೌದೆಂದೆ. ಆಮೇಲೆ, ಇಡೀ ಕಾಗದದಲ್ಲಿ ನಿನಗೂ ಬರೆಯದೆ ಬಿಟ್ಟಿದ್ದನ್ನು ಅವರಿಗೆ ಹೇಳಿಬಿಟ್ಟೆ: ಮೇಬಲ್ ಇರುವಲ್ಲೇ ನಾನೂ ಇರುತ್ತೇನೆ, ಗೇಟಿನೊಳಗೆ ನನ್ನ ಹೆಸರು ಬೇಡ, ಬಸ್ಸು ಹತ್ತಿ ಬರುತ್ತೇನೆ. ನಿನ್ನ ರಾತ್ರಿ ಪಾಳಿಗೆ ಮನೆಯಲ್ಲಿ ಇನ್ನೊಬ್ಬರು ಬೇಕೇ ಬೇಕು, ಬೇಡ ಅನ್ನಬೇಡ. ಅಪ್ಪ ಬಹಳ ಹೊತ್ತು ಒಲೆಗೆ ಸೌದೆ ತುಂಬಿದರು, ತುಂಬಿದ ಒಲೆಗೇ ಮತ್ತೆ ತುಂಬಿದರು. ಕೊನೆಗೆ, "ಬಸ್ಸಿನಲ್ಲಿ ಬಕೆಟ್ ಹತ್ತಿಸಲ್ಲ. ಟ್ರಕ್ಕಲ್ಲಿ ಬಿಡ್ತೀನಿ. ನಾನು ಇಳಿಯಲ್ಲ," ಎಂದರು. ಇಪ್ಪತ್ತು ಬಕೆಟ್ ಗೋಧಿ ಅವರೇ ಎಣಿಸಿ ಬಾಗಿಲ ಬಳಿ ಇಡುತ್ತಿದ್ದಾರೆ, ಇನ್ನೂ ನಾಲ್ಕು ವಾರ ಇದೆ ಎಂದರೂ ಕೇಳುತ್ತಿಲ್ಲ. ನೀನು ಬಕೆಟ್ ಇಳಿಸಲು ಓಡಿ ಬರಬೇಡ, ಅದನ್ನು ನಾನು ನೋಡಿಕೊಳ್ಳುತ್ತೇನೆ. ಮೇಬಲ್‌ಳ ಕೈ ಹಿಡಿದು ಅವರು ಕೂತಿರುವ ಕಡೆಯ ಕಿಟಕಿಯ ಪಕ್ಕ ಬಂದು ನಿಲ್ಲು, ಏನೂ ಮಾತಾಡಬೇಡ. ನಿಮ್ಮ ಕಟ್ಟಡದ ಹಿಂದಿನ ಅಂಗಳ, ಡಿಸೆಂಬರ್ 18, ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ.