ನೂಲಗೇರಿಯ ಗಂಡಸರಿಗೆ, ಫಕ್ಕೀರಪ್ಪನ ಡಬ್ಬಿಗಳ ವಿಷಯ

ನೂಲಗೇರಿ,
ಫೆಬ್ರವರಿ 30, 2168

ಮುತ್ತಜ್ಜಂದಿರೇ,

ತಾರೀಖು ನೋಡಿ ಹುಬ್ಬು ಗಂಟಿಕ್ಕಬೇಡಿ. ನಮ್ಮ ಕಾಲದಲ್ಲಿ ತಿಂಗಳುಗಳನ್ನೆಲ್ಲ ಸರಿಸಮ ಮಾಡಿದ್ದಾರೆ. ನನ್ನ ಕೆಲವು ಪದ ವಿಚಿತ್ರ ಎನಿಸಿದರೆ ಕ್ಷಮಿಸಿ. ಮಾತಿನ ಕಹಿಗೆ ಮಾತ್ರ ನಾನು ಕ್ಷಮೆ ಕೇಳುವುದಿಲ್ಲ.

ಈಗ ಮಧ್ಯಾಹ್ನದ ಬಿಸಿಲಿಗೆ ಊರೆಲ್ಲ ನೆಲಮನೆಗೆ, ಅಂದರೆ ಓಣಿಯ ಕೆಳಗೆ ತೋಡಿದ ತಂಪು ಕೋಣೆಗಳಿಗೆ, ಇಳಿಯುತ್ತದೆ. ಅಲ್ಲೇ ರೊಟ್ಟಿ ಬಡಿಯುತ್ತೇವೆ, ಅಲ್ಲೇ ಜಗಳವಾಡುತ್ತೇವೆ. ಗಂಡಸರಲ್ಲಿ ಗಂಡುರಸ, ನೀವು ಹಾರ್ಮೋನ್ ಅನ್ನುತ್ತಿದ್ದಿರಲ್ಲ ಅದು, ಕುಗ್ಗುತ್ತಾ ಬಂದು ನಮ್ಮ ಅವ್ವಂದಿರ ಕಾಲಕ್ಕೆ ಪೂರ್ತಿ ಬತ್ತಿತು. ಮಗು ಬೇಕಾದವರು ಬೀಜಮನೆಗೆ ಹೋಗುತ್ತಾರೆ. ನಿಮ್ಮ ಕಾಲದ ಗಂಡಸರ ವೀರ್ಯವನ್ನು ಹಿಮದಲ್ಲಿ ಕಾದಿಟ್ಟ ಜಾಗ ಅದು. ನಾನು ಅಲ್ಲಿಂದಲೇ ಬಂದವಳು. ನಾನು ಮದುವೆಯಾಗಬೇಕಿದ್ದ ಮಹಾರುದ್ರನೂ ಅಲ್ಲಿಂದಲೇ ಬಂದವನು.

ನಿಮ್ಮ ಊರಿಗೆ ಗಂಡಸರ ಸಂತಾನಶಕ್ತಿಯ ಅಧ್ಯಯನಕ್ಕೆಂದು ಡಾಕ್ಟರರ ತಂಡ ಬಂತು. ರಕ್ತವನ್ನೇನೋ ತೋಳು ಚಾಚಿ ಕೊಟ್ಟಿರಿ. ವೀರ್ಯಕ್ಕೆ ಡಬ್ಬಿ ಕೊಟ್ಟಾಗ ಮುಖ ಕಪ್ಪಿಟ್ಟಿತು. "ಮನಿತನದ ಮರ್ಯಾದಿ ಡಬ್ಬ್ಯಾಗ ಹಾಕಿ ಕೊಡಬೇಕೇನ್ರಿ? ದೋಷ ಇದ್ರ ಆಕಿದ ಇರ್ತದ" ಎಂದು ಹೆಂಡಿರನ್ನು ತೋರಿಸಿದಿರಿ. ಆಮೇಲೆ ಪಂಕ್ಚರ್ ಅಂಗಡಿಯ ಫಕ್ಕೀರಪ್ಪನನ್ನು ಹಿಡಿದಿರಿ. ಮನೆ ತುಂಬ ಮಕ್ಕಳಿದ್ದವನು, ಯಾರಿಗೂ ಇಲ್ಲ ಅನ್ನಲು ಬಾರದವನು. ಗಿರ್ಮಿಟ್ಟು, ಮಿರ್ಚಿ ಭಜಿ ತಿನ್ನಿಸಿ ಊರಿನ ಡಬ್ಬಿಗಳನ್ನೆಲ್ಲ ಅವನೊಬ್ಬನಿಂದಲೇ ತುಂಬಿಸಿದಿರಿ. ಮೇಲೆ ಹೆಸರು ಮಾತ್ರ ನಿಮ್ಮ ನಿಮ್ಮದು.

ಡಾಕ್ಟರರು ಕಣ್ಣುಬಾಯಿ ಬಿಟ್ಟರು. ರಕ್ತದಲ್ಲಿ ಗಂಡುರಸ ತಳ ಕಂಡಿದೆ, ವೀರ್ಯ ನೋಡಿದರೆ ಭರ್ಜರಿ. ಈ ಊರಿನ ಜೋಳದಲ್ಲೇ ಏನೋ ಇದೆ ಎಂದು ಬರೆದುಕೊಂಡರು, ಗಂಡಸರಿಗೆ ಚಿಕಿತ್ಸೆ ಬೇಡ ಎಂದರು, ಉಳಿದದ್ದನ್ನು ಉತ್ತಮ ತಳಿಯೆಂದು ಹಿಮದಲ್ಲಿಟ್ಟರು. ನೇಕಾರರ ಊರಲ್ಲವೇ, ಗಂಡುರಸ ಬತ್ತಿಸಿರಬಹುದಾದ ನಿಮ್ಮ ಮಗ್ಗದ ಕಾವು, ಬಣ್ಣದ ನೀರು ಯಾವುದನ್ನೂ ಯಾರೂ ಪರೀಕ್ಷಿಸಲಿಲ್ಲ. ನಿಮ್ಮ ಹೆಂಡಿರು ಬಂಜೆ ಅನ್ನಿಸಿಕೊಂಡು ಸೂಜಿ ಚುಚ್ಚಿಸಿಕೊಂಡರು, ಕೆಲವರು ಸವತಿಯರನ್ನೂ ಕಂಡರು.

ಈಗ ನನ್ನ ಪಾಡು ಕೇಳಿ. ಬೀಜಮನೆಯಲ್ಲಿ ನನ್ನ ಅವ್ವ ಒಂದು ಬೆಡಗಿನವರ, ಅಂದರೆ ಒಂದು ಕುಲದವರ, ಹೆಸರು ಆರಿಸಿದಳು, ಮಹಾರುದ್ರನ ಅವ್ವ ಬೇರೆ ಬೆಡಗಿನವರದು. ವಂಶ ಬೇರೆ ಬೇರೆ ಎಂದು ಹಿರಿಯರು ಸಮಾಧಾನದಿಂದ ಸಕ್ಕರೆ ಹಂಚಿದರು. ಎಲ್ಲರೂ ಬೆಡಗು ನೋಡಿದರು, ರಕ್ತ ಯಾರೂ ನೋಡಲಿಲ್ಲ. ಮದುವೆಗೆ ಮುಂಚೆ ಅದನ್ನೂ ನೋಡಬೇಕೆಂಬ ಕಾಯ್ದೆ ಈ ವರ್ಷ ಬಂತು. ನಮ್ಮಿಬ್ಬರಿಗೂ ಅಪ್ಪ ಒಬ್ಬನೇ. ಗಾಬರಿಬಿದ್ದು ಡಬ್ಬಿಗಳನ್ನೆಲ್ಲ ಪರೀಕ್ಷಿಸಿದರು, ಎಲ್ಲವೂ ಒಬ್ಬನವೇ. ಆಗ ಊರ ಮುದುಕಿಯರು ಬಾಯಿಬಿಟ್ಟರು. ಫಕ್ಕೀರಪ್ಪನ ಕಥೆ ಅವರ ಮನೆಗಳಲ್ಲಿ ನಗೆಚಾಟಿಕೆಯಾಗಿ ಉಳಿದುಬಂದಿತ್ತಂತೆ. ಈ ಊರಿನ ನನ್ನ ವಾರಗೆಯ ಗಂಡಸರಲ್ಲಿ ನನಗೆ ಅಣ್ಣನೋ ತಮ್ಮನೋ ಅಲ್ಲದವನು ಒಬ್ಬನೂ ಇಲ್ಲ.

ಈ ಪತ್ರ ಕೈಸೇರುವಾಗ ಆ ಡಬ್ಬಿಗಳ ದಿನಕ್ಕೆ ನೀವು ಇನ್ನೂ ತಲುಪಿರದಿದ್ದರೆ, ಕೈಮುಗಿಯುತ್ತೇನೆ, ನಿಮ್ಮದನ್ನು ನೀವೇ ಕೊಡಿ. ಕಡಿಮೆ ಇದ್ದರೆ ಕಡಿಮೆ ಅನ್ನಲಿ. ಅದಕ್ಕೆ ಮದ್ದು ಹುಡುಕುತ್ತಿದ್ದರು.

ಚಿಕ್ಕಂದಿನಿಂದಲೂ ನನಗೆ ಮಹಾರುದ್ರನೇ ಬೇಕಾಗಿತ್ತು. ಇವತ್ತು ಮುಂಜಾನೆ ಊರು ಬಿಟ್ಟು ಹೋಗಲು ಗಂಟುಮೂಟೆ ಕಟ್ಟಿಕೊಂಡು ಬಂದ. ಒಳಗೆ ಬಾ ಅಂದರೂ ಬರಲಿಲ್ಲ. ಬಾಗಿಲಲ್ಲೇ ನಿಂತು, ನನ್ನ ಮುಖ ನೋಡದೆ, "ಬರ್ತೀನಿ ತಂಗಿ" ಅಂದ.

ಇಂತಿ,
ಫಕ್ಕೀರಪ್ಪನ ಮಗಳು
ಪಾರವ್ವ